ವೇಷ ತೊಟ್ಟ ಶ್ಲೇಷೆ: ಕಾಸ್‌ಪ್ಲೇ ಲೋಕದ ಪದವಿನೋದ

ಕಾಮಿಕ್ಸ್, ಅನಿಮೆ, ವಿಜ್ಞಾನ ಕಥೆ, ವಿಡಿಯೊ ಗೇಮ್ ಮುಂತಾದವುಗಳ ಅಭಿಮಾನಿಗಳು ಒಂದೆಡೆ ಸೇರುವ ಸಮಾವೇಶಗಳಿಗೆ ಮೆಚ್ಚಿನ ಪಾತ್ರದ ವೇಷ ಧರಿಸಿ ಬರುವ ಹವ್ಯಾಸಕ್ಕೆ ಕಾಸ್‌ಪ್ಲೇ ಎಂದು ಹೆಸರು. ವೇಷ ಧರಿಸುವವರಲ್ಲಿ ಹೆಚ್ಚಿನವರು ತದ್ರೂಪಕ್ಕಾಗಿ ಶ್ರಮಿಸುತ್ತಾರೆ. ಕವಚದ ಅಂಚು, ಮೇಲಂಗಿಯ ನೆರಿಗೆ, ಕೂದಲಿನ ಬಣ್ಣ ಎಲ್ಲವೂ ಮೂಲದಲ್ಲಿದ್ದಂತೆಯೇ ಇರಬೇಕೆಂಬುದು ಅವರ ಹಂಬಲ. ಅವರ ನಡುವೆಯೇ ಬೇರೊಂದು ಬಗೆಯ ವೇಷಧಾರಿಗಳೂ ಓಡಾಡುತ್ತಿರುತ್ತಾರೆ. ಒಬ್ಬ ಬ್ಯಾಟ್‌ಮನ್ ಕಾಲಿಗೆ ಪ್ಯಾಡ್ ಕಟ್ಟಿ, ಕ್ರಿಕೆಟ್ ಬ್ಯಾಟ್ ಹಿಡಿದು ಬರುತ್ತಾನೆ. ದುಂಡು ಕನ್ನಡಕ ತೊಟ್ಟು, ಹಣೆಯ ಮೇಲೆ ಮಿಂಚಿನಾಕಾರದ ಗಾಯ ಬರೆದುಕೊಂಡ ಹ್ಯಾರಿ ಪಾಟರ್ ಮೊಣಕೈವರೆಗೆ ಜೇಡಿಮಣ್ಣು ಮೆತ್ತಿಕೊಂಡು ಮಡಕೆಯೊಂದನ್ನು ಹಿಡಿದಿರುತ್ತಾನೆ, ಏಕೆಂದರೆ ಪಾಟರ್ ಎಂದರೆ ಕುಂಬಾರ. ಫ್ರಿಜ್ ಬಾಗಿಲಿಗೆ ಅಂಟಿಸುವ ಬಣ್ಣಬಣ್ಣದ ಮ್ಯಾಗ್ನೆಟ್‌ಗಳನ್ನು ಮೈತುಂಬ ಅಂಟಿಸಿಕೊಂಡವನು ಮ್ಯಾಗ್ನೆಟೊ, ಕಾಮಿಕ್ಸ್‌ನಲ್ಲಿ ಕಾಂತಶಕ್ತಿಯಿಂದ ಲೋಹವನ್ನು ಆಡಿಸುವ ಪಾತ್ರ. ಎದುರು ಬಂದವರು ಕ್ಷಣಕಾಲ ತಬ್ಬಿಬ್ಬಾಗುತ್ತಾರೆ, ಪಾತ್ರದ ಹೆಸರನ್ನು ಮನಸ್ಸಿನಲ್ಲೇ ಉಚ್ಚರಿಸುತ್ತಾರೆ, ಆಮೇಲೆ ನಗುತ್ತಾರೆ.

ಇಂಥ ವೇಷಗಳನ್ನು ಹಗುರವಾದ ತಮಾಷೆಯೆಂದು ಬದಿಗೆ ಸರಿಸುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಇವು ಶ್ಲೇಷೆಯ ಒಂದು ಪ್ರತ್ಯೇಕ ಪ್ರಭೇದ, ಮತ್ತು ಅದರ ನಡೆ ಮಾತಿನ ಶ್ಲೇಷೆಯ ನಡೆಗೆ ನೇರ ವಿರುದ್ಧವಾದದ್ದು. ಮಾತಿನ ಶ್ಲೇಷೆಯಲ್ಲಿ ಹೇಳುವವನು ಪದವನ್ನು ಕೊಡುತ್ತಾನೆ, ಅದರೊಳಗಿನ ಎರಡು ಅರ್ಥಗಳನ್ನು ಕೇಳುವವನು ಹುಡುಕಿಕೊಳ್ಳಬೇಕಾಗುತ್ತದೆ. ವೇಷದ ಶ್ಲೇಷೆಯಲ್ಲಿ ಎರಡು ಅರ್ಥಗಳೂ ಕಣ್ಣೆದುರಿಗೇ ನಿಂತಿರುತ್ತವೆ, ಪದ ಮಾತ್ರ ಎಲ್ಲಿಯೂ ಇರುವುದಿಲ್ಲ. ಆ ಪದವನ್ನು ನೋಡುವವನೇ ಒದಗಿಸಬೇಕು. ಬಾವಲಿಯ ಕಿವಿಗಳ ಮುಖವಾಡವೂ ಕ್ರಿಕೆಟ್ ಬ್ಯಾಟೂ ಅಕ್ಕಪಕ್ಕದಲ್ಲಿ ಕಂಡಾಗ, ಅವೆರಡನ್ನೂ ಸೇರಿಸುವ 'ಬ್ಯಾಟ್' ಎಂಬ ಶಬ್ದ ಹುಟ್ಟುವುದು ನೋಡುಗನ ತಲೆಯೊಳಗೆ. ಹಾಗಾಗಿ ನಗೆಯ ಅರ್ಧ ಶ್ರೇಯಸ್ಸು ನೋಡಿದವನಿಗೇ ಸಲ್ಲುತ್ತದೆ, ಅವನ ಮುಖದ ಮೇಲೆ ಮೂಡುವ ಹಿಗ್ಗಿಗೂ ಅದೇ ಕಾರಣ.

ಹಾಸ್ಯದ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಆರ್ಥರ್ ಕೋಸ್ಲರ್ ಒಬ್ಬರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಲೋಚನಾ ವಲಯಗಳು ಒಂದೇ ಬಿಂದುವಿನಲ್ಲಿ ಹಠಾತ್ತನೆ ಸಂಧಿಸುವುದಕ್ಕೆ ಅವರು 'ಬೈಸೋಸಿಯೇಷನ್' ಎಂಬ ಹೆಸರು ಕೊಟ್ಟರು. ಶ್ಲೇಷೆಯಲ್ಲಿ ಆ ಎರಡು ವಲಯಗಳನ್ನು ಬಿಗಿಯುವ ಗಂಟು ಧ್ವನಿಯದು. ಈ ಮಾತನ್ನು ನಮ್ಮ ಅಲಂಕಾರ ಶಾಸ್ತ್ರ ಬಹಳ ಹಿಂದೆಯೇ ಬೇರೆ ರೀತಿಯಲ್ಲಿ ಹೇಳಿತ್ತು. ಅದು ಕೊಟ್ಟಿರುವ ಪರೀಕ್ಷೆ ಕಾಸ್‌ಪ್ಲೇಗೂ ಅಚ್ಚರಿಯಾಗುವಷ್ಟು ಚೆನ್ನಾಗಿ ಒಪ್ಪುತ್ತದೆ. ಒಂದು ಪದವನ್ನು ತೆಗೆದು ಅದೇ ಅರ್ಥದ ಇನ್ನೊಂದು ಪದವನ್ನು ಹಾಕಿದಾಗ ಚಮತ್ಕಾರ ಉಳಿದರೆ ಅದು ಅರ್ಥಕ್ಕೆ ಸೇರಿದ್ದು, ಅಳಿದರೆ ಶಬ್ದಕ್ಕೆ ಸೇರಿದ್ದು. ಬ್ಯಾಟ್‌ಮನ್ನನನ್ನು 'ಬಾವಲಿ ಮನುಷ್ಯ' ಎಂದು ಕರೆದು ನೋಡಿದರೆ ಕ್ರಿಕೆಟ್ ಬ್ಯಾಟಿಗೂ ಅವನಿಗೂ ಯಾವ ನಂಟೂ ಉಳಿಯುವುದಿಲ್ಲ. ಆದ್ದರಿಂದ ಅದು ಅಪ್ಪಟ ಶಬ್ದಶ್ಲೇಷೆ. 'ಸ್ಟಾರ್ ವಾರ್ಸ್' ಚಲನಚಿತ್ರಗಳ ಬಿಳಿ ಕವಚದ ಸೈನಿಕನೊಬ್ಬ ಗಾಯಕ ಎಲ್ವಿಸ್ ಪ್ರೀಸ್ಲಿಯಂತೆ ಕೂದಲು ಬಾಚಿ ಗಿಟಾರ್ ಹಿಡಿದು ಬಂದರೆ ಅದೂ ನಗಿಸುತ್ತದೆ, ಆದರೆ ಅಲ್ಲಿ ಹೆಸರನ್ನು ಹೇಗೆ ಬದಲಿಸಿದರೂ ನಗೆ ಹಾಗೆಯೇ ಇರುತ್ತದೆ. ಅದು ಪರಸ್ಪರ ಹೊಂದದ ಎರಡು ಸಂಗತಿಗಳ ಬೆಸುಗೆಯಷ್ಟೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಈ ವಿಷಯದ ಚರ್ಚೆ ಬಹಳ ಸಲ ದಾರಿ ತಪ್ಪುತ್ತದೆ.

ಒಂದು ವೇಷವನ್ನು ಹತ್ತಿರದಿಂದ ಬಿಡಿಸಿ ನೋಡೋಣ. ಐರನ್ ಮ್ಯಾನ್ 1963ರಲ್ಲಿ ಕಾಮಿಕ್ಸ್‌ನಲ್ಲಿ ಕಾಣಿಸಿಕೊಂಡ ಪಾತ್ರ. ಕೆಂಪು ಮತ್ತು ಚಿನ್ನದ ಬಣ್ಣದ ಕವಚ, ಎದೆಯಲ್ಲಿ ಉರಿಯುವ ದೀಪ, ಅಂಗೈಯನ್ನು ಮುಂದಕ್ಕೆ ಚಾಚಿ ಕಿರಣ ಹೊಮ್ಮಿಸುವ ಭಂಗಿ ಅವನ ಗುರುತುಗಳು. ಶ್ಲೇಷೆ ಮಾಡಬಯಸುವವರು ಆ ಚಾಚಿದ ಕೈಗೆ ಇಸ್ತ್ರಿ ಪೆಟ್ಟಿಗೆ ಕೊಡುತ್ತಾರೆ. ಇಷ್ಟಕ್ಕೇ ನಗೆ ಬರುತ್ತದೆ, ಆದರೆ ಕುಶಲಿಯಾದವನು ಇಲ್ಲಿಗೇ ನಿಲ್ಲಿಸಬೇಕಾಗಿಲ್ಲ. 2010ರ ಎರಡನೆಯ ಚಲನಚಿತ್ರದಲ್ಲಿ ಎದೆಯ ದುಂಡು ದೀಪ ತ್ರಿಕೋನಾಕಾರಕ್ಕೆ ಬದಲಾಯಿತು, ಇಸ್ತ್ರಿ ಪೆಟ್ಟಿಗೆಯ ತಳವೂ ಹೆಚ್ಚುಕಡಿಮೆ ತ್ರಿಕೋನವೇ. ಆ ದೀಪದ ಜಾಗದಲ್ಲಿ ಇಸ್ತ್ರಿಯ ತಳದ ಹಬೆ ರಂಧ್ರಗಳನ್ನು ಮೂಡಿಸಬಹುದು. ಬೇಡವಾದರೆ ದುಂಡು ದೀಪವನ್ನೇ ಉಳಿಸಿಕೊಂಡು ಅದರ ಸುತ್ತ ನೈಲಾನ್, ರೇಷ್ಮೆ, ಉಣ್ಣೆ, ಹತ್ತಿ ಎಂದು ಬರೆದ ಶಾಖ ಹೊಂದಿಸುವ ಗುಂಡಿಯಂತೆ ಮಾಡಬಹುದು. ಬೆನ್ನ ಹಿಂದೆ ಪ್ಲಗ್ಗಿನೊಂದಿಗೆ ವೈರು ಜೋತಾಡಬಹುದು. ಇಲ್ಲಿ ಗಮನಿಸಬೇಕಾದುದೆಂದರೆ, ಪ್ರತಿಯೊಂದು ಸೇರ್ಪಡೆಯೂ ಮೂಲ ಪಾತ್ರದ ಒಂದು ಗುರುತಿನ ಮೇಲೆಯೇ ಕೂತಿದೆ. ಎಲ್ಲೋ ಒಂದು ಕಡೆ ತಂದು ಅಂಟಿಸಿದ ವಸ್ತು ಅಲ್ಲಿಲ್ಲ. ಅಂಗೈ ಮುಂದಕ್ಕೆ ತಿರುಗಿದಾಗ ವೀರ, ಕೆಳಕ್ಕೆ ತಿರುಗಿದಾಗ ಇಸ್ತ್ರಿಯವ. ಒಂದೇ ಕೈಯ ಒಂದೇ ಚಲನೆ ಎರಡು ಅರ್ಥಗಳ ನಡುವೆ ಓಡಾಡುತ್ತದೆ. ಶ್ಲೇಷೆಯಲ್ಲಿ ಒಂದೇ ಅಕ್ಷರಮಾಲೆ ಎರಡು ಅರ್ಥಗಳನ್ನು ಹೊರುವಂತೆ, ಒಳ್ಳೆಯ ವೇಷದಲ್ಲಿ ಒಂದೇ ಆಕಾರ ಎರಡು ವಸ್ತುಗಳನ್ನು ಹೊರುತ್ತದೆ.

ಈ ಕೆಲಸದಲ್ಲಿ ಮುಖ್ಯವಾದುದು ಗುರುತು ಹಿಡಿಯುವ ಕ್ರಮ. ನೋಡುವವನು ಮೊದಲು ಪಾತ್ರವನ್ನು ಗುರುತಿಸಬೇಕು, ಆಮೇಲೆ ಹೆಚ್ಚುವರಿ ವಸ್ತುವನ್ನು ಕಾಣಬೇಕು. ಕ್ರಮ ತಲೆಕೆಳಗಾದರೆ, ಅಂದರೆ ಇಸ್ತ್ರಿ ಪೆಟ್ಟಿಗೆ ಮೊದಲು ಕಂಡು ಕವಚ ಆಮೇಲೆ ಕಂಡರೆ, ಕಾಣುವುದು ಒಗಟು ಮಾತ್ರ, ಅದು ನಗೆಯಾಗುವುದಿಲ್ಲ. ಆದ್ದರಿಂದಲೇ ಅನುಭವಿಗಳು ಬಣ್ಣ ಮತ್ತು ಹೊರರೇಖೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಇಪ್ಪತ್ತು ಹೆಜ್ಜೆ ದೂರದಿಂದ, ಜನಜಂಗುಳಿಯ ನಡುವೆ, ಅರ್ಧ ಮರೆಯಾಗಿರುವಾಗಲೂ ಪಾತ್ರ ತಿಳಿಯಬೇಕು. ಶ್ಲೇಷೆಯ ವಸ್ತು ಐದು ಹೆಜ್ಜೆ ದೂರದಲ್ಲಿ ತಿಳಿದರೆ ಸಾಕು. ತಮಾಷೆಯ ವೇಷಕ್ಕೆ ಅಷ್ಟೇನೂ ಹೊಲಿಗೆಯ ಶ್ರಮ ಬೇಡವೆಂಬ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ. ಮೂಲಪಾತ್ರ ಎಷ್ಟು ನಿಖರವಾಗಿ ಮೂಡಿರುತ್ತದೆಯೋ ಅದರಿಂದ ಸರಿಯುವ ಒಂದೇ ಒಂದು ವಿವರ ಅಷ್ಟು ಬಲವಾಗಿ ನಾಟುತ್ತದೆ. ವಸ್ತುವಿನ ತೂಕವನ್ನೂ ಯೋಚಿಸಬೇಕಾಗುತ್ತದೆ. ಅನೇಕ ಸಮಾವೇಶಗಳಲ್ಲಿ ವೇಷಧಾರಿಗಳು ಕೈಯಲ್ಲಿ ಹಿಡಿಯುವ ವಸ್ತುಗಳನ್ನು ಬಾಗಿಲಲ್ಲೇ ಪರೀಕ್ಷಿಸುತ್ತಾರೆ. ಭಾರವಾದ ಲೋಹದ ವಸ್ತು ಇನ್ನೊಬ್ಬರಿಗೆ ತಗುಲೀತೆಂಬ ಕಾರಣಕ್ಕೆ ತಡೆಯುವುದೂ ಉಂಟು. ಆದ್ದರಿಂದ ನಿಜವಾದ ಇಸ್ತ್ರಿ ಪೆಟ್ಟಿಗೆಯ ಬದಲು, ಕವಚಗಳಿಗೆ ಬಳಸುವ ಇವಿಎ ಫೋಮ್ ಹಾಳೆಯನ್ನೇ ಕತ್ತರಿಸಿ, ಬಿಸಿಗಾಳಿಯಿಂದ ಬಗ್ಗಿಸಿ, ಬಣ್ಣ ಹಚ್ಚಿ ಹಗುರವಾದ ಪೆಟ್ಟಿಗೆಯನ್ನು ಮಾಡಿಕೊಳ್ಳುವುದು ಲೇಸು.

ಶ್ಲೇಷೆಯಲ್ಲಿ ಅಭಂಗ, ಸಭಂಗ ಎಂಬ ಎರಡು ಬಗೆಗಳನ್ನು ನಮ್ಮ ಲಾಕ್ಷಣಿಕರು ಹೇಳುತ್ತಾರೆ. ಪದವನ್ನು ಒಡೆಯದೆಯೇ ಎರಡು ಅರ್ಥ ಬಂದರೆ ಅಭಂಗ. ಬೇರೆ ಬೇರೆ ಜಾಗದಲ್ಲಿ ಒಡೆದಾಗ ಬೇರೆ ಬೇರೆ ಅರ್ಥ ಬಂದರೆ ಸಭಂಗ. 'ಸರ್ವದೋಮಾಧವಃ' ಎಂಬುದನ್ನು 'ಸರ್ವದಃ ಮಾಧವಃ' ಎಂದು ಬಿಡಿಸಿದರೆ ಎಲ್ಲವನ್ನೂ ಕೊಡುವ ವಿಷ್ಣು, 'ಸರ್ವದಾ ಉಮಾಧವಃ' ಎಂದು ಬಿಡಿಸಿದರೆ ಯಾವಾಗಲೂ ಇರುವ ಶಿವ. ಬ್ಯಾಟ್, ಐರನ್, ಪಾಟರ್ ಇವೆಲ್ಲ ಅಭಂಗದ ಉದಾಹರಣೆಗಳು. ಕಾಸ್‌ಪ್ಲೇಯಲ್ಲಿ ಇವುಗಳದೇ ಮೇಲುಗೈ, ಏಕೆಂದರೆ ಉಚ್ಚರಿಸದ ಪದವನ್ನು ನೋಡುಗ ಒಡೆದು ಕೂಡಿಸುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಧ್ವನಿ ತುಸು ಸರಿಯುವ ಮೂರನೆಯ ಬಗೆಯೂ ಇದೆ. 'ಹ್ಯಾರಿ'ಯನ್ನು 'ಹೇರಿ' ಎಂದು ತಿರುಚಿ, ಮುಖ, ಕೈ, ಕಾಲುಗಳಿಗೆಲ್ಲ ದಟ್ಟ ಕೂದಲು ಅಂಟಿಸಿಕೊಂಡ ಪಾಟರ್ ಇದಕ್ಕೆ ಸೇರುತ್ತಾನೆ. ಇಂಗ್ಲಿಷಿನಲ್ಲಿ ಹೇರಿ ಎಂದರೆ ಮೈತುಂಬ ಕೂದಲುಳ್ಳವನು. ಧ್ವನಿ ಎಷ್ಟು ಸರಿಯುತ್ತದೆಯೋ ಚಿತ್ರ ಅಷ್ಟು ಗಟ್ಟಿಯಾಗಿ ಮಾತಾಡಬೇಕಾಗುತ್ತದೆ.

ನಾಲ್ಕನೆಯದು ಎರಡು ಹೆಸರುಗಳ ಬೆಸುಗೆ. ಇದರಲ್ಲಿ ಮೊದಲ ಹೆಸರಿನ ಬಾಲವೂ ಎರಡನೆಯದರ ತಲೆಯೂ ಒಂದೇ ಧ್ವನಿಯಲ್ಲಿ ಕೂಡಬೇಕು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮಾರ್ಡಿಗ್ರಾ ಉತ್ಸವದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳು ವೇಷ ತೊಟ್ಟು ಮೆರವಣಿಗೆ ಹೊರಡುವ ಒಂದು ಬಳಗದ ಹೆಸರು 'ಚ್ಯೂಬಾಕಸ್'. 'ಸ್ಟಾರ್ ವಾರ್ಸ್'ನ ರೋಮಮಯ ಪಾತ್ರ ಚ್ಯೂಬಾಕಾ ಮತ್ತು ಮದ್ಯದ ದೇವತೆ ಬಾಕಸ್ 'ಬಾಕ' ಎಂಬಲ್ಲಿ ಒಂದಾಗಿದ್ದಾರೆ. ಅದೇ ಮೆರವಣಿಗೆಯ ಒಂದು ಮಹಿಳಾ ತಂಡ 'ಲೇಜೊರೆಟ್ಸ್'. ಲೇಯಾ ರಾಜಕುಮಾರಿಯ ಹೆಸರಿಗೆ, ಮೆರವಣಿಗೆಯಲ್ಲಿ ಕೋಲು ತಿರುಗಿಸುತ್ತ ಸಾಗುವ 'ಮೇಜೊರೆಟ್' ನರ್ತಕಿಯರ ಹೆಸರು ಬೆಸೆದಿದೆ. ವೇಷವೂ ಹಾಗೆಯೇ, ಕಿವಿಗಳ ಪಕ್ಕದಲ್ಲಿ ಲೇಯಾಳ ಎರಡು ದುಂಡು ತುರುಬು, ಕೆಳಗೆ ವಾದ್ಯವೃಂದದ ಉಡುಪು. ಹೆಸರು ಎಲ್ಲಿ ಕೂಡುತ್ತದೆಯೋ ಅಲ್ಲೇ ಬಟ್ಟೆಯೂ ಕೂಡುವುದು ಈ ಬಗೆಯ ಸೊಗಸು.

ಪದದ ಹಂಗೇ ಇಲ್ಲದ ದೃಶ್ಯಶ್ಲೇಷೆಯೊಂದನ್ನೂ ಇಲ್ಲಿ ನೆನೆಯಬೇಕು. ಅಟ್ಲಾಂಟಾದಲ್ಲಿ 1987ರಿಂದ ನಡೆಯುತ್ತಿರುವ ಡ್ರ್ಯಾಗನ್ ಕಾನ್ ಸಮಾವೇಶದ ಮುಖ್ಯ ಹೋಟೆಲುಗಳಲ್ಲಿ ಒಂದರ ನೆಲಹಾಸಿನ ವಿನ್ಯಾಸ ಬಹಳ ಢಾಳಾಗಿತ್ತು. 2013ರಲ್ಲಿ ಇಬ್ಬರು ಅದೇ ವಿನ್ಯಾಸವನ್ನು ಬಟ್ಟೆಯ ಮೇಲೆ ಮುದ್ರಿಸಿ ಸೈನಿಕರ ಮರೆವೇಷದ ಸಮವಸ್ತ್ರ ಹೊಲಿಸಿಕೊಂಡು ಬಂದರು. ನೆಲಹಾಸಿನ ಮೇಲೆ ಅವರು ಮಲಗಿದಾಗ ಮರೆವೇಷ ನಿಜವಾಗಿಯೂ ಕೆಲಸ ಮಾಡಿತು. ಒಂದೇ ಚಿತ್ತಾರ ಅಲಂಕಾರವೂ ಹೌದು, ಅಡಗುವ ಉಪಾಯವೂ ಹೌದು. ಥಾಯ್ಲೆಂಡಿನ ಅನುಚಾ ಸೇಂಗ್‌ಚಾರ್ಟ್ ಮನೆಯಲ್ಲಿ ಕೈಗೆ ಸಿಕ್ಕುವ ವಸ್ತುಗಳಿಂದಲೇ ಪಾತ್ರಗಳನ್ನು ಮೂಡಿಸಿ ತೆಗೆಸಿಕೊಳ್ಳುವ ಚಿತ್ರಗಳೂ ಈ ಜಾತಿಗೇ ಸೇರುತ್ತವೆ. ಒಂದು ನಿರ್ದಿಷ್ಟ ಕೋನದಿಂದ ನೋಡಿದಾಗ ಮಾತ್ರ ಆ ವಸ್ತು ಇನ್ನೊಂದಾಗುತ್ತದೆ. ಇವುಗಳಿಗೆ ಭಾಷೆ ಅಡ್ಡಬರುವುದಿಲ್ಲ.

ಮೈಮೇಲೆ ಶ್ಲೇಷೆಯನ್ನು ಹೊರುವುದು ಕಾಸ್‌ಪ್ಲೇಗಿಂತ ಬಹಳ ಹಳೆಯ ರೂಢಿ. ಮಧ್ಯಯುಗದ ಯುರೋಪಿನ ಯೋಧರು ಮುಖ ಮುಚ್ಚುವ ಶಿರಸ್ತ್ರಾಣ ತೊಡುತ್ತಿದ್ದುದರಿಂದ ಗುರಾಣಿಯ ಮೇಲೂ ಮೇಲಂಗಿಯ ಮೇಲೂ ಲಾಂಛನ ಬರೆಸಿಕೊಳ್ಳಬೇಕಾಗುತ್ತಿತ್ತು. ಅನೇಕ ಮನೆತನಗಳು ತಮ್ಮ ಹೆಸರಿನ ಧ್ವನಿಯನ್ನೇ ಚಿತ್ರವಾಗಿಸಿದವು. ಸ್ಪೇನಿನ ಕಾಸ್ಟೀಲ್ ರಾಜ್ಯಕ್ಕೆ ಕೋಟೆ, ಲಿಯೋನ್ ರಾಜ್ಯಕ್ಕೆ ಸಿಂಹ. 1230ರಲ್ಲಿ ಎರಡೂ ಒಬ್ಬನೇ ಅರಸನ ಕೈಗೆ ಬಂದಮೇಲೆ ಎರಡೂ ಚಿತ್ರಗಳು ಒಂದೇ ಲಾಂಛನದಲ್ಲಿ ಕೂಡಿದವು. ಕಾಸ್ಟೀಲ್ ಹೆಸರಿಗೂ ಕೋಟೆಗೂ ನಿಜವಾದ ನಂಟಿದೆ. ಆದರೆ ಲಿಯೋನ್ ಎಂಬ ಹೆಸರು ಬಂದಿರುವುದು ಅಲ್ಲಿ ಬೀಡುಬಿಟ್ಟಿದ್ದ ರೋಮನ್ ಸೇನಾದಳವನ್ನು ಸೂಚಿಸುವ 'ಲೇಗಿಯೊ' ಎಂಬ ಪದದಿಂದ. ಸಿಂಹ ಅಲ್ಲಿಗೆ ಬಂದದ್ದು ಧ್ವನಿಯ ಹೋಲಿಕೆಯೊಂದರಿಂದಲೇ, ಅಂದರೆ ಶುದ್ಧ ಶ್ಲೇಷೆಯಿಂದ.

ಜಪಾನಿನ ಉದಾಹರಣೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಅಭಿಮಾನಿಗಳೂ ಇದ್ದಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಬುಕಿ ರಂಗಭೂಮಿಯ ಹೆಸರಾಂತ ನಟ ಏಳನೆಯ ಇಚಿಕಾವಾ ಡಾಂಜೂರೊ ಒಂದು ಕುಡುಗೋಲು, ಒಂದು ವೃತ್ತ ಮತ್ತು 'ನು' ಎಂಬ ಅಕ್ಷರ ಇರುವ ಚಿತ್ತಾರದ ಉಡುಪನ್ನು ಜನಪ್ರಿಯಗೊಳಿಸಿದ. ಜಪಾನಿ ಭಾಷೆಯಲ್ಲಿ ಕುಡುಗೋಲು 'ಕಾಮಾ', ವೃತ್ತ 'ವಾ'. ಸೇರಿಸಿ ಓದಿದರೆ 'ಕಾಮಾವಾನು', ಅಂದರೆ 'ಏನಾದರೂ ನನಗೆ ಚಿಂತೆಯಿಲ್ಲ'. ಅವನ ಅಭಿಮಾನಿಗಳು ಅದೇ ಚಿತ್ತಾರದ ಉಡುಪನ್ನು ತೊಡತೊಡಗಿದರು. ಮೆಚ್ಚಿನ ಕಲಾವಿದನ ಉಡುಪನ್ನು ತೊಟ್ಟು, ಆ ಉಡುಪಿನ ಮೂಲಕವೇ ಒಂದು ಮಾತನ್ನು ಆಡದೆ ಆಡುವ ಈ ಪದ್ಧತಿಯಲ್ಲಿ ಇಂದಿನ ಸಮಾವೇಶಗಳ ಶ್ಲೇಷೆಯ ಎಲ್ಲ ಅಂಶಗಳೂ ಇವೆ ಎಂದೇ ನಾನು ಓದುತ್ತೇನೆ.

ಆಧುನಿಕ ಸಮಾವೇಶಗಳ ಕಥೆಗೆ ಬಂದರೆ, ಅಲ್ಲಿ ವೇಷವೂ ಪದವಿನೋದವೂ ಒಟ್ಟಿಗೇ ಹುಟ್ಟಿದವು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವರ್ಲ್ಡ್‌ಕಾನ್ ಎಂಬ ವಿಜ್ಞಾನ ಕಥೆಗಳ ವಿಶ್ವ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ವಿಜ್ಞಾನ ಕಥಾಪ್ರಿಯರು ಭವಿಷ್ಯದ ಕಾಲದ ಉಡುಪು ತೊಟ್ಟು ಬಂದರು. ಎರಡನ್ನೂ ಹೊಲಿದವರು ಡಗ್ಲಸ್. ಆ ಉಡುಪಿಗೆ ಅವರ ವಲಯದಲ್ಲಿ ನಿಂತ ಹೆಸರು 'ಫ್ಯೂಚರಿಸ್ಟಿಕಾಸ್ಟ್ಯೂಮ್'. ಫ್ಯೂಚರಿಸ್ಟಿಕ್ ಎಂಬುದರ ಕೊನೆಯ ಧ್ವನಿಯೂ ಕಾಸ್ಟ್ಯೂಮ್ ಎಂಬುದರ ಮೊದಲ ಧ್ವನಿಯೂ ಒಂದೇ ಆದ್ದರಿಂದ ಎರಡು ಪದಗಳು ಒಂದಾಗಿವೆ. ಡಗ್ಲಸ್ ಅವರನ್ನು ಎಲ್ಲರೂ 'ಮೊರೊಜೊ' ಎನ್ನುತ್ತಿದ್ದರು. ಅದು ಅವರ ಹೆಸರಿನ ಮೊದಲಕ್ಷರಗಳನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಓದಿದಾಗ ಬರುವ ಶಬ್ದ. ಆಕರ್‌ಮನ್ ಅಂತೂ ಬದುಕಿನುದ್ದಕ್ಕೂ ಪದಗಳೊಂದಿಗೆ ಆಡಿದವರು. ಹೈ-ಫೈ ಎಂಬುದರ ಪ್ರಾಸದ ಮೇಲೆ ವಿಜ್ಞಾನ ಕಥೆಗೆ 'ಸೈ-ಫೈ' ಎಂಬ ಪದವನ್ನು 1954ರಿಂದ ಬಳಕೆಗೆ ತಂದವರೆಂದು ಅವರ ಹೆಸರನ್ನೇ ಹೇಳುತ್ತಾರೆ. ಪುಸ್ತಕಗಳೂ ಚಲನಚಿತ್ರಗಳ ನೆನಪಿನ ವಸ್ತುಗಳೂ ತುಂಬಿದ್ದ ತಮ್ಮ ಮನೆಯನ್ನು ಅವರು 'ಆಕರ್‌ಮ್ಯಾನ್ಷನ್' ಎಂದು ಕರೆದರು. ಸಮ್ಮೇಳನಗಳ ವೇಷಪರಂಪರೆಯನ್ನು ಆರಂಭಿಸಿದವರು ಪದಗಳ ಬೆಸುಗೆಯಲ್ಲಿ ಇಷ್ಟು ಆಸಕ್ತರಾಗಿದ್ದರೆಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇದ್ದ ಪದವನ್ನು ಕತ್ತರಿಸಿ ಹೊಸದಾಗಿ ಹೊಲಿಯುವ ಮನಸ್ಸೇ ಬಟ್ಟೆಯನ್ನೂ ಕತ್ತರಿಸಿ ಹೊಲಿಯಿತು.

'ಕಾಸ್‌ಪ್ಲೇ' ಎಂಬ ಹೆಸರೂ ಇಂಥದೇ ಹೊಲಿಗೆ. ಜಪಾನಿನ ನೊಬುಯುಕಿ ತಕಾಹಾಶಿ 1983ರಲ್ಲಿ ಪತ್ರಿಕಾ ಲೇಖನವೊಂದರಲ್ಲಿ ಬಳಸಿದ 'ಕೊಸುಪುರೆ' ಎಂಬುದು ಕಾಸ್ಟ್ಯೂಮ್ ಮತ್ತು ಪ್ಲೇ ಪದಗಳ ಜಪಾನಿ ಉಚ್ಚಾರಣೆಯ ಮೊದಲ ಎರಡೆರಡು ಅಕ್ಷರಗಳನ್ನು ಕೂಡಿಸಿದ್ದು. ಪಾಕೆಟ್ ಮಾನ್ಸ್ಟರ್ಸ್ 'ಪೋಕೆಮಾನ್' ಆದದ್ದೂ ಇದೇ ರೀತಿ.

ಸಮ್ಮೇಳನಗಳ ಹೆಸರುಗಳಲ್ಲಿ ಈ ಹುಚ್ಚು ಇನ್ನೂ ಎದ್ದು ಕಾಣುತ್ತದೆ. ಕನ್ವೆನ್ಷನ್ ಎಂಬುದರ ಮೊದಲ ತುಣುಕಾದ 'ಕಾನ್' ಎಲ್ಲ ಕಡೆಯೂ ನುಗ್ಗುತ್ತದೆ. ಪದದ ಆರಂಭದಲ್ಲೇ ಆ ಧ್ವನಿ ಇದ್ದರೆ ಕೆಲಸ ಸುಲಭ: 1987ರಲ್ಲಿ ಬ್ರೈಟನ್‌ನಲ್ಲಿ ನಡೆದ ವರ್ಲ್ಡ್‌ಕಾನಿನ ಹೆಸರು 'ಕಾನ್‌ಸ್ಪಿರಸಿ', ಅಂದರೆ ಒಳಸಂಚು. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ 'ಸ್ಯಾನ್' ಜಾಗದಲ್ಲಿ ಕಾನ್ ಕುಳಿತು 'ಕಾನ್‌ಫ್ರಾನ್ಸಿಸ್ಕೊ' ಆಯಿತು. 1998ರ ಬಾಲ್ಟಿಮೋರ್ ಸಮ್ಮೇಳನ ಕಡಲ್ಗಳ್ಳ ಎಂಬರ್ಥದ 'ಬಕನೀರ್' ಪದದ ನಡುವೆಯೇ ಕಾನನ್ನು ಅಡಗಿಸಿತು. 2001ರಲ್ಲಿ ಫಿಲಡೆಲ್ಫಿಯಾದ್ದು 'ಮಿಲೇನಿಯಮ್ ಫಿಲ್‌ಕಾನ್'. ಹೊಸ ಸಹಸ್ರಮಾನ, ಊರಿನ ಹೆಸರು, 'ಸ್ಟಾರ್ ವಾರ್ಸ್'ನ ಮಿಲೇನಿಯಮ್ ಫಾಲ್ಕನ್ ನೌಕೆ, ಹೀಗೆ ಮೂರು ಸಂಗತಿಗಳನ್ನು ಹೊತ್ತ ಈ ಹೆಸರು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಪ್ರಾಣಿರೂಪದ ವೇಷ ತೊಡುವ 'ಫರಿ' ಬಳಗದವರು ಇದಕ್ಕೆ 'ಫರ್', ಅಂದರೆ ತುಪ್ಪಳ, ಎಂಬ ಎರಡನೆಯ ಧ್ವನಿಯನ್ನು ಸೇರಿಸಿದರು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅವರ ಮೊದಲ ಸಮ್ಮೇಳನ 'ಕಾನ್‌ಫರೆನ್ಸ್'. ಕೇಳುವುದಕ್ಕೆ ಅದು ಸಾಧಾರಣ ಕಾನ್ಫರೆನ್ಸ್ ಪದವೇ, ಆದರೆ ನಡುವಿನ ಫರ್ ಭಾಗದ ಕಾಗುಣಿತ ತುಪ್ಪಳದ್ದು. 1999ರಲ್ಲಿ ಆರಂಭವಾದ ಇನ್ನೊಂದರ ಹೆಸರು 'ಫರ್ದರ್ ಕನ್‌ಫ್ಯೂಷನ್'. 'ಮತ್ತಷ್ಟು ಗೊಂದಲ' ಎಂಬ ಈ ಎರಡು ಪದಗಳ ಮೊದಲ ತುಣುಕುಗಳನ್ನು ಮಾತ್ರ ಓದಿದರೆ ತುಪ್ಪಳದ ಸಮ್ಮೇಳನವೆಂಬ ಅರ್ಥ ಬರುತ್ತದೆ. ಸಭಂಗ ಶ್ಲೇಷೆಗೆ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನವನ್ನು ಹುಡುಕುವುದು ಕಷ್ಟ.

ಇನ್ನು ಇವು ಎಲ್ಲಿ ನಡೆಯುತ್ತವೆಂಬ ಪ್ರಶ್ನೆ. ಸಮಾವೇಶದಲ್ಲಿ ವ್ಯವಹಾರ ಎರಡು ಕಡೆ: ಒಂದು ಓಡಾಟದ ಸಭಾಂಗಣ, ಇನ್ನೊಂದು ವೇದಿಕೆ. 1940ರ ಶಿಕಾಗೊ ವರ್ಲ್ಡ್‌ಕಾನಿನಲ್ಲಿ ಆರಂಭವಾದ ಮಾಸ್ಕರೇಡ್, ಅಂದರೆ ವೇಷಗಳ ಸ್ಪರ್ಧೆ, ಈಗ ಬಹುಪಾಲು ದೊಡ್ಡ ಸಮ್ಮೇಳನಗಳ ಭಾಗ. ವೇದಿಕೆಯಲ್ಲಿ ನಿರೂಪಕರು ಪ್ರದರ್ಶನದ ಶೀರ್ಷಿಕೆಯನ್ನು ಓದಿ ಹೇಳುತ್ತಾರೆ, ಆದ್ದರಿಂದ ಅಲ್ಲಿ ಪದ ಹೊರಗಿನಿಂದ ಬರುತ್ತದೆ. ಶೀರ್ಷಿಕೆಯನ್ನು ಮೊದಲೇ ಹೇಳಿಬಿಟ್ಟರೆ ವೇಷ ಅದರ ಚಿತ್ರವಿವರಣೆಯಂತೆ ಕಾಣುತ್ತದೆ. ವೇಷಧಾರಿ ನಡುವೆ ಬಂದು ತಿರುಗಿ ನಿಂತಮೇಲೆ ಹೇಳಿದರೆ ಇಡೀ ಸಭೆ ಒಟ್ಟಿಗೆ ಹೋ ಎನ್ನುತ್ತದೆ. ಶ್ಲೇಷೆಗೆ ಚಪ್ಪಾಳೆಗಿಂತ ದೊಡ್ಡ ಮನ್ನಣೆ ಈ ನರಳಾಟದ ಉದ್ಗಾರ. ಸಭಾಂಗಣದಲ್ಲಿ ನಿರೂಪಕರಿಲ್ಲ. ಅಲ್ಲಿ ನೋಡುಗನೇ ಪದವನ್ನು ಕಟ್ಟಿಕೊಳ್ಳಬೇಕು, ಹಾಗಾಗಿ ಅಲ್ಲಿನ ಶ್ಲೇಷೆ ಸರಳವಾಗಿರಬೇಕು, ಮಾತುಕತೆಗೆ ಎಡೆಕೊಡಬೇಕು. ಇಸ್ತ್ರಿಯ ಐರನ್ ಮ್ಯಾನ್ ಮುಂದೆ ಅಪರಿಚಿತನೊಬ್ಬ ತನ್ನ ಮುದುಡಿದ ಅಂಗಿಯ ಅಂಚನ್ನು ಚಾಚಿ ನಿಂತರೆ, ವೇಷಧಾರಿ ಒಂದು ಮಾತೂ ಆಡದೆ ಪೆಟ್ಟಿಗೆಯನ್ನು ಅದರ ಮೇಲೆ ಓಡಿಸಿದರೆ, ಶ್ಲೇಷೆ ಇಬ್ಬರದೂ ಆಗುತ್ತದೆ. ತದ್ರೂಪದ ವೇಷಕ್ಕೆ ಮೆಚ್ಚುಗೆ ಸಿಗುತ್ತದೆ; ಶ್ಲೇಷೆಯ ವೇಷಕ್ಕೆ ಉತ್ತರ ಸಿಗುತ್ತದೆ.

ಅರ್ಥವಾಗದಿದ್ದರೆ ಗತಿಯೇನು? ಕೆಲವರು ಕೊರಳಿಗೆ ಫಲಕ ತೂಗುಹಾಕಿ ಶ್ಲೇಷೆಯನ್ನು ಬರೆದುಬಿಡುತ್ತಾರೆ. ಅದರಿಂದ ನೋಡುಗನ ಪಾಲಿನ ಕೆಲಸ ತಪ್ಪಿಹೋಗುತ್ತದೆ, ಜೊತೆಗೆ ಅವನ ಪಾಲಿನ ಹಿಗ್ಗೂ ತಪ್ಪಿಹೋಗುತ್ತದೆ. ಫಲಕವೇ ಪ್ರಾಣವಾಗಿರುವ ಬೇರೆ ಬಗೆಯ ವೇಷಗಳುಂಟು. ಜಪಾನಿನಲ್ಲಿ 2014ರಿಂದ ನಡೆಯುತ್ತಿರುವ 'ಜಿಮಿ ಹ್ಯಾಲೋವೀನ್' ಕೂಟದಲ್ಲಿ ಜನ ತೀರಾ ಸಾಮಾನ್ಯ ಉಡುಪಿನಲ್ಲಿ ಬಂದು, ತಾವು ದಿನನಿತ್ಯದ ಯಾವ ಸನ್ನಿವೇಶದ ಮನುಷ್ಯರೆಂಬುದನ್ನು ಬರೆದು ತೋರಿಸುತ್ತಾರೆ. ಬರಹವಿಲ್ಲದೆ ಅಲ್ಲಿ ವೇಷವೇ ಇಲ್ಲ. ಹೆಸರಿನ ಶ್ಲೇಷೆಗೆ ಮಾತ್ರ ಬರಹ ಕೊನೆಯ ಉಪಾಯವಾಗಿರಬೇಕು. ಅರ್ಥವಾಗದವರಿಗೆ 'ನಾನು ಯಾರು ಹೇಳಿ' ಎಂದು ಕೇಳುವುದೇ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಉತ್ತರ ಹೇಳಲು ಬಾಯಿ ತೆರೆದಾಗ ಆ ಪದ ಅವರ ಕಿವಿಗೇ ಬೀಳುತ್ತದೆ.

ಭಾಷೆ ದಾಟುವಾಗ ಏನಾಗುತ್ತದೆಂಬುದು ಈ ವಿಷಯದ ಅತ್ಯಂತ ಕುತೂಹಲದ ಭಾಗ. ಕನ್ನಡಿಗರಿಗೆ ಐರನ್ ಮ್ಯಾನಿನ ಇಸ್ತ್ರಿ ಥಟ್ಟನೆ ಹೊಳೆಯುತ್ತದೆ, ಏಕೆಂದರೆ 'ಐರನ್ ಬಾಕ್ಸ್', 'ಐರನ್ ಮಾಡು' ನಮ್ಮ ದಿನಬಳಕೆಯ ಮಾತುಗಳೇ. ಜಪಾನಿ ಭಾಷೆಯೂ ಅದೇ ಇಂಗ್ಲಿಷ್ ಪದವನ್ನು ಎರವಲು ಪಡೆದಿದೆ, ಆದರೆ ಎರಡು ಸಲ, ಎರಡು ಉಚ್ಚಾರಣೆಯಲ್ಲಿ. ಬಟ್ಟೆಯ ಇಸ್ತ್ರಿ 'ಐರೊನ್', ಈ ವೀರನ ಹೆಸರಿನ ಮೊದಲ ಭಾಗ 'ಐಯನ್'. ಧ್ವನಿಯ ಗಂಟು ಸಡಿಲವಾಗುವುದರಿಂದ ಅಲ್ಲಿ ನಗೆ ಅಷ್ಟು ಬಿಗಿಯಾಗಿ ಬರುವುದಿಲ್ಲ. ಪೋಕೆಮಾನ್ ಲೋಕದ 'ಬಲ್ಬಾಸಾರ್' ಇನ್ನೊಂದು ಸೊಗಸಾದ ಉದಾಹರಣೆ. ಬೆನ್ನ ಮೇಲೆ ಸಸ್ಯದ ಗಡ್ಡೆ ಹೊತ್ತಿರುವ ಪ್ರಾಣಿ ಅದು, ಇಂಗ್ಲಿಷಿನಲ್ಲಿ ಗಡ್ಡೆಗೂ ವಿದ್ಯುತ್ ದೀಪಕ್ಕೂ ಬಲ್ಬ್ ಎಂದೇ ಹೆಸರು. ಗಡ್ಡೆಯ ಜಾಗದಲ್ಲಿ ಉರಿಯುವ ಬಲ್ಬು ಕಟ್ಟಿಕೊಂಡರೆ ಶ್ಲೇಷೆ ಮುಗಿಯಿತು. ಜಪಾನಿನಲ್ಲಿ ಈ ವೇಷ ಯಾರಿಗೂ ತಿಳಿಯದು, ಏಕೆಂದರೆ ಅಲ್ಲಿ ಅದರ ಹೆಸರು 'ಫುಶಿಗಿದಾನೆ'. ವಿಶೇಷವೆಂದರೆ ಆ ಹೆಸರೇ ಒಂದು ಶ್ಲೇಷೆ. 'ಫುಶಿಗಿ' ಎಂದರೆ ವಿಚಿತ್ರ, 'ತಾನೆ' ಎಂದರೆ ಬೀಜ. ಬೆಟ್ಟ ಮತ್ತು ತಾವರೆ ಕೂಡಿ ಬೆಟ್ಟದಾವರೆ ಆಗುವಂತೆ ತಕಾರ ದಕಾರವಾಗಿ 'ವಿಚಿತ್ರ ಬೀಜ' ಎಂಬ ಅರ್ಥ ಬರುತ್ತದೆ. 'ಫುಶಿಗಿ ದಾ ನೆ' ಎಂದು ಒಡೆದರೆ 'ವಿಚಿತ್ರವಾಗಿದೆ, ಅಲ್ಲವೇ' ಎಂಬ ಉದ್ಗಾರ. ಅಲ್ಲಿಯ ವೇಷಧಾರಿ ಶ್ಲೇಷೆ ಮಾಡುವುದಿದ್ದರೆ ಬೀಜದ ಸುತ್ತಲೇ ಮಾಡಬೇಕು.

ಹಾಗಾಗಿ ಬೇರೆ ಬೇರೆ ಭಾಷಿಕರು ಸೇರುವ ಕಡೆ ಅನುಭವಿ ವೇಷಧಾರಿಗಳು ಹೆಸರಿನ ಶ್ಲೇಷೆಯ ಜೊತೆಗೆ ಆಕಾರದ ಹೋಲಿಕೆಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಪದ ತಲುಪದವರಿಗೆ ಎದೆಯ ತ್ರಿಕೋನವಾದರೂ ತಲುಪುತ್ತದೆ.

ಕೊನೆಯದಾಗಿ ಎಲ್ಲೆಯ ವಿಚಾರ. ಶ್ಲೇಷೆ ನಿಲ್ಲಬೇಕಾದುದು ಪಾತ್ರದ ಹೆಸರಿನ ಮೇಲೆ. ಒಂದು ಜನಾಂಗದ ಮೈಬಣ್ಣ, ಒಂದು ಸಮುದಾಯದ ಶ್ರದ್ಧೆಯ ಉಡುಪು, ಒಬ್ಬರ ಅಂಗವೈಕಲ್ಯ ಇವುಗಳನ್ನು ಶ್ಲೇಷೆಯ ಎರಡನೆಯ ಅರ್ಥವಾಗಿ ಬಳಸಿದಾಗ ನಗೆಯ ಭಾರವನ್ನು ಹೊರಬೇಕಾಗುವವರು ಆ ಸಭಾಂಗಣದಲ್ಲೇ ಓಡಾಡುತ್ತಿರುವ ನಿಜವಾದ ಮನುಷ್ಯರು. ಅಂಥ ವೇಷವನ್ನು ಎಷ್ಟೇ ಜಾಣ್ಮೆಯಿಂದ ಕಟ್ಟಿದ್ದರೂ ನಾನು ಮೆಚ್ಚಲಾರೆ. ನೋಡುಗರಿಗೂ ಎಲ್ಲೆಯುಂಟು. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್, ವೇಷ ತೊಟ್ಟಿರುವುದು ಸಮ್ಮತಿಯಲ್ಲವೆಂದು ಸಾರುವ ಫಲಕಗಳನ್ನು ಎದ್ದು ಕಾಣುವಂತೆ ನಿಲ್ಲಿಸಿತು. ಮುಟ್ಟುವ ಮುಂಚೆ, ಫೋಟೊ ತೆಗೆಯುವ ಮುಂಚೆ ಕೇಳಬೇಕೆಂಬುದು ಅದರ ತಾತ್ಪರ್ಯ. ನಗಿಸುವ ವೇಷಗಳ ವಿಷಯದಲ್ಲಿ ಈ ಮಾತು ಬೇಗ ಮರೆತುಹೋಗುತ್ತದೆ, ಏಕೆಂದರೆ ನಗು ಸಲಿಗೆಯ ಭಾವನೆ ಹುಟ್ಟಿಸುತ್ತದೆ. ಬಲ್ಬು ಉರಿಯುತ್ತಿದೆಯೇ ಎಂದು ಬೆನ್ನಿಗೆ ಕೈ ಹಾಕುವ ಮುನ್ನ ಬಲ್ಬಾಸಾರನ್ನೇ ಒಂದು ಮಾತು ಕೇಳಬೇಕು.